ಅಮ್ಮನಿಗೆ ಫೋನ್ ಕಲಿಸುವಾಗ ನನ್ನ ಕೈ ತಡೆಯುವುದಿಲ್ಲ, ಏನು ಮಾಡಲಿ?

ಅಮ್ಮನಿಗೆ 67. ಉಡುಪಿ ಕಡೆಯ ಶಂಕರಪುರದ ಹತ್ತಿರ ಮನೆ, ಸುತ್ತ ಮಲ್ಲಿಗೆ ಗಿಡ. ಅಪ್ಪ ಹೋಗಿ ಎರಡು ವರ್ಷ. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಶನಿವಾರ ಹೋಗಿ ಬರುತ್ತೇನೆ.

ಹೂವಿನ ರೇಟ್ ದಿನಾ ವಾಟ್ಸ್ಆ್ಯಪಿನಲ್ಲಿ ಬರುತ್ತದೆ. ಮೊದಲು ಅಪ್ಪ ನೋಡಿ ಹೇಳುತ್ತಿದ್ದರು. ಈಗ ಅಮ್ಮ ಪಕ್ಕದ ಮನೆ ಹುಡುಗನನ್ನು ಕೇಳಬೇಕು. ಅವನು ಕಾಲೇಜಿಗೆ ಹೋದರೆ ಸಂಜೆವರೆಗೆ ಕಾಯಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುವವರು "ನನಗೆ ಇದಕ್ಕೆಲ್ಲ ತಲೆ ಇಲ್ಲ" ಅಂದರೆ ಕೇಳಲಿಕ್ಕೆ ಆಗುವುದಿಲ್ಲ.

ಹೊಸ ಫೋನ್ ಕೊಟ್ಟೆ. ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾರೆ. ಕಳೆದ ವಾರ ಕಲಿಸಲು ಕೂತೆ. ಅವರು ಒತ್ತಿದರೆ ಚಿತ್ರಗಳೆಲ್ಲ ಅಲುಗಾಡಿ ಜಾಗ ಬಿಡುತ್ತವೆ. ಮೂರನೇ ಸಲ ಫೋನ್ ಕಿತ್ತುಕೊಂಡು ನಾನೇ ಒತ್ತಿಬಿಟ್ಟೆ. ಅಮ್ಮ ಏನೂ ಹೇಳಲಿಲ್ಲ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಆ ಕೈ ಕಣ್ಣಿಂದ ಹೋಗುತ್ತಿಲ್ಲ. ಹೇಗೆ ಕಲಿಸಲಿ?

ಸುರತ್ಕಲ್‌ನಿಂದ ಒಬ್ಬರ ಉತ್ತರ: ಅಕ್ಕಾ, ಅದು ಅಮ್ಮನ ತಪ್ಪಲ್ಲ. ಅವರು ಬೆರಳನ್ನು ಸ್ವಲ್ಪ ಜಾಸ್ತಿ ಹೊತ್ತು ಇಡುತ್ತಾರೆ, ಅಷ್ಟೆ. ಆಂಡ್ರಾಯ್ಡ್ ಸೆಟ್ಟಿಂಗ್ಸಿನ ಆಕ್ಸೆಸಿಬಿಲಿಟಿಯಲ್ಲಿ 'ಟಚ್ ಆ್ಯಂಡ್ ಹೋಲ್ಡ್ ಡಿಲೇ' ಅಂತ ಉಂಟು, ಅದನ್ನು 'ಲಾಂಗ್' ಮಾಡಿ. ಹೂ ಕಟ್ಟುವ ಬಾಳೆನಾರು ಮುಟ್ಟಿದ ಒದ್ದೆ ಕೈಯಾದರೂ ಫೋನಿಗೆ ಸರಿಯಾಗಿ ತಿಳಿಯುವುದಿಲ್ಲ. ಒರೆಸಿ ಒತ್ತಲಿ.

ಹಣದ ಆ್ಯಪ್ ಈಗಲೇ ಬೇಡ. ಮುಂದೆ ಹಾಕಿದರೂ ಒಂದು ಮಾತು ಗಟ್ಟಿ ಮಾಡಿಸಿ: ನಮಗೆ ಹಣ ಬರಲಿಕ್ಕೆ ಪಿನ್ ಒತ್ತಬೇಕಾಗಿಲ್ಲ. ಪೊಲೀಸರೆಂದು ಸುಳ್ಳು ಹೇಳಿ, ಫೋನಿನಲ್ಲೇ ಬಂಧಿಸಿದ್ದೇವೆ ಅನ್ನುವ 'ಡಿಜಿಟಲ್ ಅರೆಸ್ಟ್' ಕಾನೂನಿನಲ್ಲೇ ಇಲ್ಲ. ಹಾಗೆ ಹೆದರಿಸಿದರೆ ಫೋನ್ ಇಡಬೇಕು. ಮೋಸದಲ್ಲಿ ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕಲ್ಯಾಣಪುರದ ಅಜ್ಜಿ: ನೋಡು ಮಗಳೇ, ನನಗೆ 71. ಮೊಮ್ಮಗಳು ಕಲಿಸುವಾಗ ತನ್ನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಬಾಯಲ್ಲಿ ಮಾತ್ರ ಹೇಳುವುದು. ನೀನೂ ಹಾಗೆ ಮಾಡು. ಮೊದಲು ವಾಯ್ಸ್ ಮೆಸೇಜ್ ಒಂದೇ ಸಾಕು, ಅಕ್ಷರ ಹುಡುಕುವ ಕಷ್ಟ ಇಲ್ಲ, ತುಳುವಿನಲ್ಲೇ ಮಾತಾಡಬಹುದು. ಮೈಕಿನ ಗುರುತು ಒತ್ತಿ ಹಿಡಿದು ಮೇಲಕ್ಕೆ ಜಾರಿಸಿದರೆ ಲಾಕ್ ಆಗುತ್ತದೆ. ಮತ್ತೆ ಬೆರಳು ತೆಗೆದು ಆರಾಮಾಗಿ ಮಾತಾಡಿ ಕಳಿಸುವುದು. ನನಗೆ ಹಾಗೆ ಗೊತ್ತಾಗುವವರೆಗೆ ಬೆರಳು ಜಾರಿ ಮಾತೆಲ್ಲ ಅರ್ಧಕ್ಕೇ ಹೋಗುತ್ತಿತ್ತು.

ಮತ್ತೆ, ಅಮ್ಮ ಕಳಿಸಿದ್ದಕ್ಕೆ ಅವತ್ತೇ ಉತ್ತರ ಕೊಡು. ನಾವು ಕಾಯುತ್ತೇವೆ.

ಪ್ರಶ್ನೆ ಕೇಳಿದವಳು: ಶನಿವಾರ ಕೈ ಕಟ್ಟಿಕೊಂಡೇ ಕೂತೆ. ತುಂಬಾ ಕಷ್ಟ ಆಯಿತು. ಡಿಲೇ ಬದಲಾಯಿಸಿದ ಮೇಲೆ ಚಿತ್ರ ಅಲುಗಾಡಲಿಲ್ಲ. ಅಮ್ಮ ರೇಟಿನ ಗ್ರೂಪನ್ನು ತಾವೇ ತೆರೆದು ಎರಡು ಸಲ ಗಟ್ಟಿಯಾಗಿ ಓದಿದರು. ಅಲ್ಲಿಗೆ ನಿಲ್ಲಿಸಿ ಚಾ ಕುಡಿದೆವು.

ಇವತ್ತು ಪಂಪ್‌ವೆಲ್‌ನಲ್ಲಿ ಬಸ್ಸಿಗೆ ನಿಂತಾಗ 40 ಸೆಕೆಂಡಿನ ಮೆಸೇಜ್ ಬಂತು. ಮೊದಲು ಬರೀ ಕೋಳಿ ಕೂಗುವ ಶಬ್ದ. ಮತ್ತೆ "ಒಣಸ್ ಆಂಡಾ ಮಗಾ?" (ಊಟ ಆಯಿತಾ ಮಗಾ?) ಅಂತ ಕೇಳಿ, ಅಟ್ಟೆಗೆ ಎಷ್ಟಾಯಿತು ಅಂತ ನನಗೇ ಹೇಳಿದರು. ಬಸ್ಸು ಬಂದರೂ ಹತ್ತದೆ, ಮೊದಲು ಉತ್ತರ ಕಳಿಸಿದೆ.