ಬ್ಯಾಟರಿ ಲೈಟ್, ಡೈನಮೊ, ಚಾರ್ಜಿಂಗ್: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಮುಂಬೈ, ಪುಣೆ, ಗೋವಾ ಕಡೆಯ ನಮ್ಮ ಬಳಗದಲ್ಲಿ ಇವತ್ತು ಕಾರಿನ ಚಾರ್ಜಿಂಗ್ ವಿಷಯ. ಭಾಂಡುಪ್‌ನಲ್ಲಿ ಆಟೊ ಎಲೆಕ್ಟ್ರಿಕ್ ಕೆಲಸ ಮಾಡುವ ಸದಾನಂದಣ್ಣ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಸದಾನಂದ: ನಮಸ್ಕಾರ. ಮೊದಲು ಒಂದು ಸಾದಾ ಡಿಜಿಟಲ್ ಮೀಟರ್ ತಗೊಳ್ಳಿ. ಬ್ಯಾಟರಿ ಟರ್ಮಿನಲ್ ಮೇಲೆ ಹಿಡಿದು ಮೂರು ರೀಡಿಂಗ್ ಬರೆದುಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇದ್ದರೆ ಬ್ಯಾಟರಿ ಫುಲ್. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಡೈನಮೊವನ್ನು, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು, ಏರಿಸಿ ಇಳಿಸ್ತದೆ. ಅದರಲ್ಲಿ ಕಡಿಮೆ ಕಂಡರೆ ಗಾಬರಿ ಬೇಡ, ಹೆಡ್‌ಲೈಟ್ ಹಾಕಿ ಮತ್ತೆ ನೋಡಿ.

ಹರೀಶ, ಮೀರಾರೋಡ್: ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ, ಟಕ್ ಟಕ್ ಅಂತದೆ ಅಷ್ಟೆ. ಬ್ಯಾಟರಿಗೆ ನಾಲ್ಕು ವರ್ಷ. ಡೈನಮೊ ಹೋಯ್ತಾ ಅಣ್ಣ?

ಸದಾನಂದ: ಮೂರು ರೀಡಿಂಗ್ ಕೊಡಿ.

ಬಸವರಾಜ, ಚಿಂಚವಡ: ಅಣ್ಣಾರ, ಡೀಸೆಲ್ ಗಾಡಿ. ಮಳಿ ಬಂದ ದಿನ ಮುಂಜಾನೆ ಚೀಂಯ್ ಅಂತ ಸದ್ದು ಬರ್ತೈತಿ, ಬ್ಯಾಟರಿ ಲೈಟ್ ಹತ್ತತೈತಿ. ಸ್ವಲ್ಪ ಹೊತ್ತಾದ್ಮ್ಯಾಲ ಎರಡೂ ಬಂದ್. ಬೆಲ್ಟಿಗೆ ಸಾಬೂನು ಹಚ್ಚಂತ ಹೇಳ್ಯಾರ. ಹಚ್ಚಲೇನ್ರೀ?

ಸದಾನಂದ: ಹಚ್ಚಬೇಡಿ. ಸದ್ದು ಅಡಗ್ತದೆ, ಬೆಲ್ಟ್ ಜಾರುವುದು ನಿಲ್ಲುವುದಿಲ್ಲ. ಬೆಲ್ಟ್ ಬಿಗಿ ಇಡುವ ಟೆನ್ಶನರ್ ಸಡಿಲ ಆಗಿದೆಯಾ, ಬೆಲ್ಟ್ ಸವೆದು ಹೊಳೀತಿದೆಯಾ, ಬಿರುಕು ಬಿಟ್ಟಿದೆಯಾ ನೋಡಿಸಿ. ಕೆಲವು ಡೀಸೆಲ್ ಗಾಡಿಗಳಲ್ಲಿ ಡೈನಮೊ ಪುಲ್ಲಿಯ ಒಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರ್ತದೆ. ಅದು ಜಾಮ್ ಆದರೂ ಬೆಲ್ಟ್ ಕಿರುಚ್ತದೆ.

ಪ್ರಕಾಶ, ಡೊಂಬಿವಲಿ: ನಮ್ಮ ಸೊಸೈಟಿ ಗ್ರೂಪಿನಲ್ಲಿ ಬಂದದ್ದು ಹಾಕ್ತಿದ್ದೇನೆ: "ಎಂಜಿನ್ ಚಾಲೂ ಇಟ್ಟು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗಾಡಿ ನಿಂತರೆ ಡೈನಮೊ ಹಾಳು, ಓಡಿದರೆ ಬ್ಯಾಟರಿ ಹಾಳು. ಎಲ್ಲರಿಗೂ ಕಳಿಸಿ." ಮೀಟರ್ ಬೇಕಾಗಿಯೇ ಇಲ್ಲ!

ಸದಾನಂದ: ಖಂಡಿತ ಮಾಡಬೇಡಿ. ಡೈನಮೊದ ಏರಿಳಿತವನ್ನು ನುಂಗಿಕೊಳ್ಳುವುದು ಬ್ಯಾಟರಿಯೇ. ಚಾರ್ಜ್ ಆಗ್ತಿರುವಾಗ ವಯರ್ ಕಿತ್ತರೆ ವೋಲ್ಟೇಜ್ ಒಂದು ಕ್ಷಣ ಹತ್ತಾರು ವೋಲ್ಟ್ ಮೇಲಕ್ಕೆ ಜಿಗೀತದೆ. ಡೈನಮೊದ ಡಯೋಡ್, ವೋಲ್ಟೇಜ್ ತಡೆಯುವ ಕಟ್‌ಔಟ್ (ರೆಗ್ಯುಲೇಟರ್), ಇಸಿಯು ಅಂದರೆ ಗಾಡಿಯ ಕಂಪ್ಯೂಟರ್, ಯಾವುದು ಸುಡ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಆ ಮೆಸೇಜ್ ಡಿಲೀಟ್ ಮಾಡಿ.

ಪ್ರಕಾಶ: ನಮ್ಮ ಮಾವ ಹಳೇ ಅಂಬಾಸಿಡರ್‌ನಲ್ಲಿ ಹೀಗೇ ನೋಡ್ತಿದ್ದರು. ಏನೂ ಆಗಿರಲಿಲ್ಲ.

ಸದಾನಂದ: ಅದರಲ್ಲಿ ಇಸಿಯು ಇತ್ತಾ ಮಾರಾಯ್ರೆ?

ವಿನಯಾ, ಪನ್ವೇಲ್: ಸದಾನಂದಣ್ಣ, ಏಳು ವರ್ಷದ ಪೆಟ್ರೋಲ್ ಗಾಡಿ. ಬ್ಯಾಟರಿ ಹಾಕಿ ಎರಡು ತಿಂಗಳು. ಎಕ್ಸಿಲರೇಟರ್ ಒತ್ತಿದರೆ ಹೆಡ್‌ಲೈಟ್ ತುಂಬಾ ಬೆಳ್ಳಗಾಗ್ತದೆ, ಈ ತಿಂಗಳು ಎರಡು ಬಲ್ಬ್ ಹೋಯ್ತು. ನಿನ್ನೆಯಿಂದ ಬಾನೆಟ್ ಹತ್ತಿರ ಕೊಳೆತ ಮೊಟ್ಟೆಯ ವಾಸನೆ. ನೀವು ಬರೆದದ್ದು ನೋಡಿ ಮೀಟರ್ ಹಿಡಿದೆವು, ಎಂಜಿನ್ ಓಡುವಾಗ 15.7. ಅಂಗಡಿಯವರು ಬ್ಯಾಟರಿ ಪೀಸೇ ಸರಿ ಇಲ್ಲ, ಬೇರೆ ಕೊಡ್ತೇವೆ ಅಂದರು. ರಾತ್ರಿ ಮಕ್ಕಳನ್ನು ಕರ್ಕೊಂಡು ಕುಂದಾಪುರಕ್ಕೆ ಹೊರಡುವುದಿದೆ. ಹೋಗಬಹುದಾ?

ಸದಾನಂದ: ವಿನಯಕ್ಕ, ಹೊರಡಬೇಡಿ. ಎಂಜಿನ್ ಓಡ್ತಿದ್ದರೆ ಈಗಲೇ ಬಂದ್ ಮಾಡಿ. ಬಾನೆಟ್ ತೆರೆದಿಟ್ಟು ದೂರ ನಿಲ್ಲಿ. ಮಕ್ಕಳನ್ನು ಹತ್ತಿರ ಬಿಡಬೇಡಿ, ಅಕ್ಕಪಕ್ಕ ಯಾರೂ ಸಿಗರೇಟ್ ಹಚ್ಚಬಾರದು. ಬಿಸಿ ಆರುವತನಕ ಟರ್ಮಿನಲ್‌ಗೆ ಪಾನಾ ಹಾಕಬೇಡಿ.

ಚಾರ್ಜ್ ಕಡಿಮೆಯಾದ ಗಾಡಿ ದಾರಿಯಲ್ಲಿ ನಿಲ್ತದೆ, ಅಷ್ಟೆ. ನಿಮ್ಮದು ಚಾರ್ಜ್ ಜಾಸ್ತಿಯಾದದ್ದು, ಇದಕ್ಕೇ ನನಗೆ ಹೆದರಿಕೆ. ಇಷ್ಟು ವೋಲ್ಟೇಜಿನಲ್ಲಿ ಬ್ಯಾಟರಿಯ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಹೊರಗೆ ಬರ್ತವೆ. ಅವಕ್ಕೆ ವಾಸನೆ ಇಲ್ಲ. ನಿಮಗೆ ಬಂದ ವಾಸನೆ ಹೈಡ್ರೋಜನ್ ಸಲ್ಫೈಡಿನದು, ಅಂದರೆ ಬ್ಯಾಟರಿ ಒಳಗಿಂದ ಬೇಯ್ತಾ ಇದೆ. ಅಲ್ಲಿ ಒಂದು ಕಿಡಿ ಬಿದ್ದರೆ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೇ ಹಾರ್ತದೆ.

ಬ್ಯಾಟರಿ ಪೀಸ್ ಸರಿ ಇಲ್ಲ ಅನ್ನುವುದನ್ನು ಒಪ್ಪಬೇಡಿ. ಒಳಗೆ ಸೆಲ್ ಶಾರ್ಟ್ ಆದರೆ ವೋಲ್ಟೇಜ್ ಇಳೀತದೆ, 15.7ಕ್ಕೆ ಏರುವುದಿಲ್ಲ. ಇವತ್ತು ಇನ್ನೊಂದು ಹಾಕಿಸಿಕೊಂಡರೆ ಅದೂ ಹೀಗೇ ಬೇಯ್ತದೆ. ತಪ್ಪು ಇರುವುದು ಡೈನಮೊ ಕಡೆ. ಡೈನಮೊ ಒಳಗೆ ತಿರುಗುವ ಕಾಯಿಲ್‌ಗೆ ಕಾರ್ಬನ್ ಬ್ರಷ್ ಮೂಲಕ ಕರೆಂಟ್ ಕೊಟ್ಟು, ವೋಲ್ಟೇಜ್ ಸಾಕಾದ ಕೂಡಲೇ ತಡೆಯುವುದು ಕಟ್‌ಔಟ್ ಕೆಲಸ. ಅದು ಶಾರ್ಟ್ ಆದರೆ ತಡೆಯುವವರೇ ಇಲ್ಲ. ಎಂಜಿನ್ ಜೋರಾದಷ್ಟೂ ವೋಲ್ಟೇಜ್ ಏರ್ತದೆ, ನಿಮ್ಮ ಹೆಡ್‌ಲೈಟ್ ಬೆಳ್ಳಗಾದದ್ದೂ ಬಲ್ಬ್ ಹೋದದ್ದೂ ಅದರಿಂದ.

ಇನ್ನೊಂದು ಸಾಧ್ಯತೆ ಇದೆ. ಕೆಲವು ಗಾಡಿಗಳಲ್ಲಿ ಬ್ಯಾಟರಿ ವೋಲ್ಟೇಜ್ ಎಷ್ಟಿದೆ ಅಂತ ಕಟ್‌ಔಟ್‌ಗೆ ತಿಳಿಸಲಿಕ್ಕೆ ಬೇರೆಯೇ ಸಣ್ಣ ವಯರ್ ಇರ್ತದೆ. ಅದರ ಫ್ಯೂಸ್ ಹೋದರೆ, ಅಥವಾ ಮಳೆನೀರು ಸೇರಿ ಪ್ಲಗ್ಗಿನ ಪಿನ್ ಹಸಿರುಗಟ್ಟಿದರೆ, ಬ್ಯಾಟರಿ ಖಾಲಿ ಇದೆ ಅಂದುಕೊಂಡು ಅದು ಇನ್ನಷ್ಟು ತಳ್ತದೆ. ಹಾಗಾಗಿ ಡೈನಮೊ ಬಿಚ್ಚುವ ಮೊದಲು ಆ ಫ್ಯೂಸ್, ಆ ಪ್ಲಗ್ ನೋಡಲಿಕ್ಕೆ ಎಲೆಕ್ಟ್ರಿಶಿಯನ್‌ಗೆ ಹೇಳಿ. ಅವರನ್ನು ಮನೆಗೇ ಕರೆಸಿ, ಗಾಡಿ ಓಡಿಸಿಕೊಂಡು ಹೋಗಬೇಡಿ. ರಾತ್ರಿ ಮಹಾಡ್ ದಾಟಿದ ಮೇಲೆ ಏನಾದರೂ ಆದರೆ ಯಾರನ್ನು ಕರೀತೀರಿ? ಊರಿಗೆ ಬಸ್ಸಿನಲ್ಲಿ ಹೋಗಿ.

ಒಂದು ತಿಳಿಸಿ, ಬ್ಯಾಟರಿಯ ಪಕ್ಕ ಉಬ್ಬಿದೆಯಾ?

ವಿನಯಾ: ಹೌದು ಅಣ್ಣ, ಒಂದು ಬದಿ ಉಬ್ಬಿದೆ. ಯಜಮಾನರು ಮುಟ್ಟಲಿಕ್ಕೆ ಹೋಗಿದ್ದರು, ತಡೆದೆ.

ಸದಾನಂದ: ಒಳ್ಳೇದಾಯ್ತು. ಬ್ಯಾಟರಿಯೂ ಹೋಯ್ತು. ಆದರೆ ಡೈನಮೊ ಸರಿಯಾಗದೆ ಹೊಸದು ಹಾಕಿಸಬೇಡಿ.

ದಿನೇಶ, ಕುರ್ಲಾ: ವಿನಯಕ್ಕ, ನಮ್ಮ ಸಿಎಸ್‌ಟಿ ರೋಡಿಗೆ ಬನ್ನಿ. ರೀಬಿಲ್ಡ್ ಡೈನಮೊ ಅರ್ಧ ರೇಟಿಗೆ ಸಿಗ್ತದೆ.

ಶೇಖರ, ಥಾಣೆ: ರೀಬಿಲ್ಡ್ ಬೇಡವೇ ಬೇಡ. ಒಂದು ಅಂಗಡಿಯಲ್ಲಿ ತಗೊಂಡದ್ದು ಒಂದು ಮಳೆಗಾಲ ಬಾಳಲಿಲ್ಲ. ಹಳೇ ಬೇರಿಂಗ್, ಮೇಲೆ ಪೇಂಟ್ ಮಾತ್ರ ಹೊಸದು.

ದಿನೇಶ: ನೋಡಿ ತಗೊಳ್ಳಲಿಕ್ಕೆ ಬರದಿದ್ದರೆ ಅಂಗಡಿಯವರನ್ನು ದೂರುವುದಾ?

ಶೇಖರ: ನಿಮಗೆ ಎಷ್ಟು ಕಮಿಷನ್?

ದಿನೇಶ: ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಇಪ್ಪತ್ತು ಟ್ಯಾಕ್ಸಿಯವರನ್ನು ಕರ್ಕೊಂಡು ಬರ್ತೇನೆ, ಕೇಳಿ ನೋಡಿ.

ನಾಗೇಶ, ನೆರುಲ್: ಎಲೆಕ್ಟ್ರಿಕ್ ಸ್ಕೂಟರ್ 80 ಪರ್ಸೆಂಟಿಗೆ ನಿಲ್ತದೆ. ಏನು ಕಾರಣ?

ಶೇಖರ: ಟ್ಯಾಕ್ಸಿಯವರ ಮಾತು ಬೇಡ. ಬಿಲ್ ಕೊಡ್ತಾರಾ, ಅದು ಹೇಳಿ.

ಸದಾನಂದ: ಇಬ್ಬರೂ ನಿಲ್ಲಿಸಿ. ಬೇರಿಂಗ್, ಕಾರ್ಬನ್, ಡಯೋಡ್ ಪ್ಲೇಟ್, ಕಟ್‌ಔಟ್ ಹೊಸದು ಹಾಕಿ, ಬೆಂಚ್ ಮೇಲೆ ಓಡಿಸಿ ತೋರಿಸಿದರೆ ರೀಬಿಲ್ಡ್ ತಗೊಳ್ಳಿ. ತೋರಿಸದಿದ್ದರೆ ಬೇಡ. ಈಗ ವಿನಯಕ್ಕನಿಗೆ ಬೇಕಾದದ್ದು ಅದಲ್ಲ.

ಗಣೇಶ, ವಾಸ್ಕೊ: ನಾಲ್ಕು ದಿನ ನಿಂತರೆ ಬ್ಯಾಟರಿ ಡೌನ್. ಓಡುವಾಗ 14.2 ಇದೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ತದೆ. ಕೋಲಾ ಸುರಿದರೆ ಹೋಗ್ತದಂತೆ, ಹೌದಾ?

ಸದಾನಂದ: ಕೋಲಾ ಬೇಡ, ಸಕ್ಕರೆ ಅಂಟು ಉಳೀತದೆ. ಎಂಜಿನ್ ಬಂದ್ ಮಾಡಿ, ಮೊದಲು ನೆಗೆಟಿವ್ ತೆಗೆದು, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೀರಿ. ಒರೆಸಿ ಒಣಗಿಸಿ ವ್ಯಾಸಲೀನ್ ಹಚ್ಚಿ. ಚಾರ್ಜಿಂಗ್ ಸರಿ ಇದೆ, ನಿಂತಾಗ ಯಾವುದೋ ಕರೆಂಟ್ ತಿಂತಾ ಇದೆ. ಲಾಕ್ ಮಾಡಿ ಒಂದು ಗಂಟೆ ಬಿಟ್ಟು ಅಳೆಸಿ. 50 ಮಿಲಿಆಂಪಿಯರ್ ದಾಟಿದರೆ ಒಂದೊಂದೇ ಫ್ಯೂಸ್ ತೆಗೆದು ಹುಡುಕಬೇಕು. ಹೊರಗಿಂದ ಹಾಕಿಸಿದ ಕ್ಯಾಮೆರಾ, ಮ್ಯೂಸಿಕ್ ಸಿಸ್ಟಮ್ ಮೊದಲು ನೋಡಿ.

ಹರೀಶ: ಅಣ್ಣ, ರೀಡಿಂಗ್ ತಂದೆ. 12.1, 8.3, 14.1.

ಸದಾನಂದ: ಡೈನಮೊ ಸರಿ ಇದೆ. ಬ್ಯಾಟರಿಗೆ ಹೊರಗೆ ಫುಲ್ ಚಾರ್ಜ್ ಕೊಡಿಸಿ. ಮತ್ತೂ 9.6ಕ್ಕಿಂತ ಕೆಳಗೆ ಬಿದ್ದರೆ ಬದಲಿಸಿ.

ಪ್ರಕಾಶ: ಹರೀಶಣ್ಣ, ಬದಲಿಸುವ ಮೊದಲು ಒಂದೊಂದು ಸೆಲ್‌ಗೆ ಆಸ್ಪಿರಿನ್ ಮಾತ್ರೆ ಹಾಕಿ ನೋಡಿ. ಇದೂ ಗ್ರೂಪಿನಲ್ಲಿ ಬಂದದ್ದೇ.

ಸದಾನಂದ: ಪ್ರಕಾಶ್, ಸಾಕು. ಆ ಮಾತ್ರೆ ಒಳಗೆ ಅಸಿಟಿಕ್ ಆಸಿಡ್ ಆಗಿ ಸೀಸದ ಪ್ಲೇಟನ್ನೇ ತಿಂತದೆ. ನೀವು ಕಳಿಸಿದ್ದನ್ನು ನಂಬಿ ಯಾರಾದರೂ ಬ್ಯಾಟರಿ ಮುಚ್ಚಳ ತೆರೆದು ಕಣ್ಣಿಗೆ ಆಸಿಡ್ ಹಾರಿಸಿಕೊಂಡರೆ ಯಾರು ಜವಾಬ್ದಾರಿ?

ಪ್ರಕಾಶ: ಬಂದದ್ದನ್ನು ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಅಡ್ಮಿನ್: ಪ್ರಕಾಶ್, ಇನ್ನು ಫಾರ್ವರ್ಡ್ ಹಾಕಿದರೆ ತೆಗೀತೇನೆ.

ದಿನೇಶ: ಕಮಿಷನ್ ಅಂದವರನ್ನು ಮೊದಲು ತೆಗೀರಿ.

ವಿನಯಾ: ಸದಾನಂದಣ್ಣ, ಎಲೆಕ್ಟ್ರಿಶಿಯನ್ ಬಂದಿದ್ದರು. ಫ್ಯೂಸ್, ಪ್ಲಗ್ ಎರಡೂ ಸರಿ ಇದೆ, ಕಟ್‌ಔಟ್ ಶಾರ್ಟ್ ಅಂತೆ. ನಾಳೆ ಹೊಸದು ತಂದು ಹಾಕ್ತಾರೆ. ಬಸ್ ಟಿಕೆಟ್ ಮಾಡಿದೆವು.

ಸದಾನಂದ: ಸರಿ. ಹಾಕಿದ ಮೇಲೆ ಹೊಸ ಬ್ಯಾಟರಿ ಇಟ್ಟು, ಎಸಿ, ಹೆಡ್‌ಲೈಟ್ ಎರಡನ್ನೂ ಹಚ್ಚಿ, 2000 ಆರ್‌ಪಿಎಂನಲ್ಲಿ ನಿಮ್ಮ ಎದುರೇ ಅಳೆಯಲಿ. ಅವನ್ನು ಆರಿಸಿ ಇನ್ನೊಮ್ಮೆ. ಎರಡು ಸಲವೂ 14.5ರ ಒಳಗೆ ಬಂದರೆ ಮಾತ್ರ ದುಡ್ಡು ಕೊಡಿ.