ಅಜ್ಜಿಯ ಕಥೆಯಲ್ಲಿ ಸಿರಿಮಾವೊ–ಶಾಸ್ತ್ರಿ ಒಪ್ಪಂದವನ್ನು ಎಲ್ಲಿ ತರಲಿ?

ಸುಳ್ಯದ ಹುಡುಗಿ:
ನಮ್ಮ ಮನೆಯವರು ಸಿಲೋನಿನಿಂದ (ಈಗಿನ ಶ್ರೀಲಂಕಾ) ಬಂದವರು. ಅಜ್ಜಿ ಹುಟ್ಟಿದ್ದು ಹಟನ್ ಹತ್ತಿರದ ಟೀ ಎಸ್ಟೇಟಿನ ಲೈನ್ ಮನೆಯಲ್ಲಿ. ನಾನು ಹುಟ್ಟಿದ್ದು ಸುಳ್ಯದ ಕಡೆ, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಗೆ ಹೋದರೆ ತುಳು. ಭಾರತ–ಶ್ರೀಲಂಕಾ ಸಂಬಂಧದ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ.

ಒಪ್ಪಂದದ ವಿಷಯ ಬಂದ ಕೂಡಲೇ ಬರಹ ಪಠ್ಯಪುಸ್ತಕವಾಗಿಬಿಡುತ್ತದೆ. 1964ರ ಅಕ್ಟೋಬರ್ 30. ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ, ಭಾರತದ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ. ಬ್ರಿಟಿಷರ ಕಾಲದಲ್ಲಿ ಭಾರತದಿಂದ ಸಿಲೋನಿನ ತೋಟಗಳಿಗೆ ಹೋದ ತಮಿಳರು ಯಾವ ದೇಶದ ಪ್ರಜೆಗಳು ಎಂಬ ಲೆಕ್ಕ. ಒಟ್ಟು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಜನರ ಮಾತು ಆಮೇಲೆ. ಅಜ್ಜಿಯ ಕಡೆ ತಿರುಗಿದರೆ ಎರಡೂ ದೇಶಗಳು ಮರೆಯಾಗುತ್ತವೆ.

ಇನ್ನೂ ಒಂದು ತೊಡಕಿದೆ. ಅಜ್ಜಿ ಯಾವಾಗಲೂ "ಶಾಸ್ತ್ರಿ ನಮ್ಮನ್ನು ಕರೆಸಿಕೊಂಡರು" ಎನ್ನುತ್ತಾಳೆ. ಆದರೆ ಅವರು ಹಡಗು ಹತ್ತಿದ್ದು 1972ರಲ್ಲಿ. ಶಾಸ್ತ್ರಿ 1966ರ ಜನವರಿಯಲ್ಲೇ ತೀರಿಕೊಂಡಿದ್ದರು. ಅವಳ ಮಾತನ್ನು ತಿದ್ದಬೇಕಾ, ಹಾಗೇ ಬಿಡಬೇಕಾ?

ಹಳೇ ಮೇಷ್ಟ್ರು:
1964ರಿಂದ ಶುರು ಮಾಡಬೇಡಿ. 1948ಕ್ಕೆ ಹೋಗಿ. ಸಿಲೋನ್ ಸ್ವತಂತ್ರವಾದ ವರ್ಷವೇ ಬಂದ ಪೌರತ್ವ ಕಾಯ್ದೆಯಲ್ಲಿ ತೋಟದ ತಮಿಳರಲ್ಲಿ ಹೆಚ್ಚಿನವರು ಹೊರಗುಳಿದರು. ಮರುವರ್ಷ ಮತದ ಹಕ್ಕೂ ಹೋಯಿತು. ಇತ್ತ ನೆಹರೂ, ಅವರು ಸಿಲೋನಿನವರೇ ಎಂದು ಹೇಳುತ್ತಾ ಬಂದರು. ಆ ಹದಿನಾರು ವರ್ಷ ಅಲ್ಲಿ ಜನ ಮದುವೆಯಾದರು, ಮಕ್ಕಳನ್ನು ಹೆತ್ತರು, ಎಲೆ ಕಿತ್ತರು. ಯಾವ ದೇಶವೂ ಅವರನ್ನು ತನ್ನವರು ಎನ್ನಲಿಲ್ಲ. ಅಜ್ಜಿಗೆ ಮದುವೆಯಾದಾಗ ಅವರು ಯಾವ ದೇಶದ ಪ್ರಜೆ? ಇದನ್ನು ಕೇಳಿಕೊಂಡು ಬರೆಯಿರಿ, ಎರಡು ಕಥೆ ಬೇರೆ ಬೇರೆ ಆಗುವುದಿಲ್ಲ.

ಶಾಸ್ತ್ರಿಯ ಮಾತನ್ನು ಖಂಡಿತ ತೆಗೆಯಬೇಡಿ. ಅದರ ಪಕ್ಕದಲ್ಲೇ 1966 ಎಂದು ಬರೆಯಿರಿ, ಸಾಕು. ಸಹಿ ಹಾಕಿದವರು ತೀರಿಹೋದ ಮೇಲೂ ವರ್ಷಗಟ್ಟಲೆ ಹಡಗು ತುಂಬಿ ಬರುತ್ತಲೇ ಇತ್ತು ಎಂಬುದು ಓದುವವರಿಗೆ ತಾನಾಗಿ ಗೊತ್ತಾಗುತ್ತದೆ. ಅಂಕಿಗಳನ್ನು ಮಾತ್ರ ಕಡಿಮೆ ಮಾಡಿ.

ಪುತ್ತೂರು ಕಾಲೋನಿ:
ಮೇಷ್ಟ್ರೇ, ಅಂಕಿ ಕಡಿಮೆ ಮಾಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ತಾತ ಆ 5,25,000ದಲ್ಲಿ ಒಬ್ಬರು, ಅವರ ಅಣ್ಣ 3,00,000ದಲ್ಲಿ ಒಬ್ಬರು. ಒಂದೇ ತಾಯಿಯ ಮಕ್ಕಳು! ದೊಡ್ಡ ತಾತ ಬದುಳ್ಳದಲ್ಲೇ ಉಳಿದರು. ಇಬ್ಬರೂ ಮತ್ತೆ ಮುಖ ನೋಡಲಿಲ್ಲ, ಕಾಗದ ಮಾತ್ರ ಬರುತ್ತಿತ್ತು. ಇಂಥ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಲೆಕ್ಕ ಹಾಕುವಾಗ ಯಾರೂ ನಮ್ಮವರನ್ನು ಕೂರಿಸಿಕೊಂಡು ಕೇಳಲಿಲ್ಲ. ಅದಕ್ಕೇ ಅಂಕಿ ಇರಲಿ, ಮನೆಯವರ ಜೊತೆಗೇ ಇರಲಿ.

ದಾರಿಯನ್ನೂ ಬರೆಯಿರಿ. ಸಿಲೋನಿನ ತಲೈಮನ್ನಾರ್ ಬಂದರಿನಿಂದ ಹಡಗು, 1964ರ ಡಿಸೆಂಬರಿನ ಚಂಡಮಾರುತಕ್ಕೆ ಧನುಷ್ಕೋಟಿ ಹಾಳಾದ ಮೇಲೆ ನೇರ ರಾಮೇಶ್ವರಕ್ಕೆ, ಅಲ್ಲಿಂದ ಬಂದವರನ್ನು ಮೊದಲು ಇರಿಸುತ್ತಿದ್ದ ಮಂಡಪಂ ಕ್ಯಾಂಪು.

ಇನ್ನೊಂದು ಮಾತು, ದಯವಿಟ್ಟು ಬಿಡಬೇಡಿ. ನಮ್ಮವರು ಬಂದದ್ದು ಭಾರತದ ಪಾಸ್‌ಪೋರ್ಟ್ ಹಿಡಿದು, ಭಾರತದ ಪ್ರಜೆಗಳಾಗಿ. 1983ರಲ್ಲಿ ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ ಗಲಭೆಯ ನಂತರ ಬಂದ ನಿರಾಶ್ರಿತರ ಕಥೆ ಬೇರೆ. ಓದುವವರು ಎರಡನ್ನೂ ಬೆರೆಸುತ್ತಾರೆ. 1991ರಲ್ಲಿ ಶ್ರೀಲಂಕಾದ ತಮಿಳು ಉಗ್ರರ ಸಂಘಟನೆ ಎಲ್‌ಟಿಟಿಇ ರಾಜೀವ್ ಗಾಂಧಿಯನ್ನು ಕೊಂದ ಮೇಲೆ ಬಸ್ಸಿನಲ್ಲಿ, ಅಂಗಡಿಯಲ್ಲಿ ನಮ್ಮಪ್ಪನನ್ನು "ನೀವು ಎಲ್‌ಟಿಟಿಇಯವರಾ?" ಅಂತ ಕೇಳುತ್ತಿದ್ದರು. ಅಪ್ಪ ಅವರ ನೆಲೆಯಾದ ಜಾಫ್ನಾವನ್ನು ಕಣ್ಣಲ್ಲೂ ಕಂಡಿರಲಿಲ್ಲ. ಎರಡು ದೇಶಗಳ ನಡುವೆ ಏನೇ ಆದರೂ ನಮ್ಮ ಬಾಗಿಲಿಗೆ ಬರುವುದು ಹೀಗೆ.

ಸುಳ್ಯದ ಹುಡುಗಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರ ಪ್ರಶ್ನೆಯನ್ನು ಅಜ್ಜಿಗೇ ಕೇಳಿದೆ. "ದೇಶ ಯಾರಿಗೆ ಗೊತ್ತು, ದೊರೆಯ ಎಸ್ಟೇಟ್" ಎಂದಳು. ಹಾಗಾಗಿ ಲೇಖನ 1948ರಿಂದ ಶುರುವಾಗುತ್ತದೆ, ಅಂಕಿಗಳೂ ಇರುತ್ತವೆ. ಪುತ್ತೂರಿನವರೇ, ಉಳಿದ 1,50,000 ಜನರನ್ನು 1974ರಲ್ಲಿ ಇಂದಿರಾ ಮತ್ತು ಸಿರಿಮಾವೊ ಅರ್ಧರ್ಧ ಹಂಚಿಕೊಂಡರಲ್ವಾ, ಆಗ ನಿಮ್ಮ ದೊಡ್ಡ ತಾತ ಬರೆದ ಕಾಗದ ಏನಾದರೂ ಉಳಿದಿದೆಯಾ? ಒಪ್ಪಿದರೆ ಈ ಭಾನುವಾರವೇ ಬಂದು ಓದುತ್ತೇನೆ.