ಸಹಾಯ ಬೇಕು: ಮೇಕೆ ತಿಣುಕುತ್ತಿದೆ, ಮರಿಯ ತಲೆ ಬರ್ತಿಲ್ಲ
ಅನುಭವ ಇರುವವರು ದಯವಿಟ್ಟು ಬೇಗ ಹೇಳಿ. ನಮ್ಮ ಮೇಕೆಗೆ ಇದು ಚೊಚ್ಚಲು. ನೀರಿನ ಚೀಲ ಒಡೆದು ಮುಕ್ಕಾಲು ಗಂಟೆ ಆಯ್ತು, ಜೋರಾಗಿ ತಿಣುಕುತ್ತಿದೆ, ಆದರೆ ಎರಡು ಗೊರಸು ಮಾತ್ರ ಕಾಣುತ್ತಿವೆ. ಮುಂಗಾಲುಗಳ ಮೇಲೆ ಮೂತಿ ಇಟ್ಟುಕೊಂಡು ಬರಬೇಕಲ್ವಾ? ಉಗುರು ಕತ್ತರಿಸಿ, ಕೈ ಸೋಪಿನಲ್ಲಿ ತೊಳೆದು, ಜೆಲ್ ಹಚ್ಚಿ ಒಳಗೆ ನೋಡಿದೆ. ಮುಂಗಾಲುಗಳೇ, ಆದರೆ ತಲೆ ಪಕ್ಕೆಯ ಕಡೆಗೆ ತಿರುಗಿದೆ. ಬೆರಳು ಬಾಯಿಗೆ ತಾಗಿದಾಗ ಮೆಲ್ಲಗೆ ಚೀಪಿತು, ಮರಿ ಬದುಕಿದೆ! ಸುಮ್ನೆ ಕಾಲು ಹಿಡಿದು ಎಳೆದರೆ ತಲೆ ಇನ್ನೂ ಜಾಸ್ತಿ ಸಿಕ್ಕಿಕೊಳ್ಳುತ್ತದೆ ಅಂತ ಎಳೆದಿಲ್ಲ. ನೋವು ನಿಂತಾಗ ಮರಿಯನ್ನು ಹಿಂದಕ್ಕೆ ತಳ್ಳಿ ತಲೆ ತಿರುಗಿಸಬೇಕು ಅಂತ ಗೊತ್ತು, ಆದರೆ ಮೂತಿ ಕೈಗೆ ಸಿಕ್ಕಿ ಸಿಕ್ಕಿ ಜಾರುತ್ತಿದೆ. ಕಾಲುಗಳು ಒಳಗೆ ಹೋದರೂ ಮತ್ತೆ ಸಿಗುವ ಹಾಗೆ ಅವಕ್ಕೆ ಶುದ್ಧ ದಾರ ಕಟ್ಟಿಟ್ಟುಕೊಂಡು ತಳ್ಳಲಾ? ಪಶುವೈದ್ಯರು ಹೊರಟಿದ್ದಾರೆ, ಬರಲು ಇನ್ನೂ ಒಂದು ಗಂಟೆ ಬೇಕು. ಅಲ್ಲಿಯವರೆಗೆ ಕಾಯಬಹುದಾ?